ವಿಂಚು ಗುಜರಿಗೆ, ನಕ್ಷತ್ರ ಬಾನೆಟ್ಟಿಗೆ

ಕಳೆದ ಪೆರ್ನಾಲ್ ಆದ ವಾರ ಕುಟುಂಬದ ವಾಟ್ಸಾಪ್ ಗುಂಪಿಗೆ ಒಂದು ಫೋಟೊ ಬಂತು. ಹೈದರಾಬಾದಿನ ಹೊರಗೆ ಒಂದು ತೋಟದ ಮನೆ, ಕತ್ತರಿಸಿ ಬಿಟ್ಟ ಹುಲ್ಲು, ಅದರ ಮೇಲೆ ಎರಡನೇ ಮಹಾಯುದ್ಧದ ಕಾಲದ ಫೋರ್ಡ್ ಲಾರಿ. ಮೈತುಂಬ ಮಿಲಿಟರಿ ಹಸಿರು, ಬಾನೆಟ್ಟಿನ ಮೇಲೆ ಬಿಳಿ ನಕ್ಷತ್ರ, ಹಿಂದೆ ಹೊಸ ಕ್ಯಾನ್ವಾಸು. ಮಾಲೀಕರು ನಮ್ಮವರೇ. ಗಲ್ಫಿನಲ್ಲಿ ದುಡಿದು ಈಗ ಹೈದರಾಬಾದಿನಲ್ಲಿ ವ್ಯಾಪಾರ ಮಾಡುವವರು. ಅರ್ಧ ಗಂಟೆಯಲ್ಲಿ ಸಾಲುಸಾಲು ‘ಮಾಷಾ ಅಲ್ಲಾಹ್’ ಬಿತ್ತು. ನಾನು ಏನೂ ಹಾಕಲಿಲ್ಲ. ಉಮ್ಮ ಫೋನ್ ಮಾಡಿ, ‘ನಿನಗೆ ಹೊಟ್ಟೆಕಿಚ್ಚಾ ಮೋನೆ?’ ಅಂತ ಕೇಳಿದರು.

ಹೊಟ್ಟೆಕಿಚ್ಚಲ್ಲ. ಆ ಲಾರಿಯ ನಾಲ್ಕೂ ಬ್ರೇಕ್ ಡ್ರಮ್ ಬಿಚ್ಚಿದವನು ನಾನು. ಜಹೀರಾಬಾದಿನ ಹೊರಗೆ, ಹೆದ್ದಾರಿ ಪಕ್ಕದ ಒಂದು ಶೆಡ್ಡಿನಲ್ಲಿ, ಭಾನುವಾರಗಳಲ್ಲಿ. ತಾಂಡೂರಿನ ಕಲ್ಲಿನ ಗಣಿಯಿಂದ ಅದನ್ನು ಟ್ರೇಲರಿನಲ್ಲಿ ತಂದು ಇಳಿಸಿದಾಗ ಅದು ಹೇಗಿತ್ತು ಅಂತ ಆ ಫೋಟೊ ನೋಡಿದವರಿಗೆ ಗೊತ್ತಿಲ್ಲ. ಹಿಂದೆ ಕಬ್ಬಿಣದ ತೊಲೆ ಕಟ್ಟಿದ ಕ್ರೇನು, ಅದರ ಬುಡದಲ್ಲಿ ಗೇರ್‌ಬಾಕ್ಸಿನಿಂದಲೇ ತಿರುಗುವ ವಿಂಚು, ಬಾನೆಟ್ಟಿನೊಳಗೆ ಆರು ಸಿಲಿಂಡರಿನ ಪರ್ಕಿನ್ಸ್ ಡೀಸೆಲ್ ಇಂಜಿನ್ನು. ಎಡಬಾಗಿಲ ಬಣ್ಣ ಕೆರೆದರೆ ಕೆಳಗೆ ಕನ್ನಡ ಅಕ್ಷರ: ಪುತ್ತೂರು. ಕ್ಯಾಬಿನ್ ಹಿಂದೆ ಎರಡು ಹಲಗೆ ಉಳಿದಿತ್ತು, ಕಿರಾಲ್‌ಬೋಗಿ ಮರದ್ದು. ತೆಲಂಗಾಣದ ಯಾವ ಬಡಗಿ ಕಿರಾಲ್‌ಬೋಗಿ ಹಾಕಿ ಲಾರಿ ಬಾಡಿ ಕಟ್ಟುತ್ತಾನೆ ಹೇಳಿ?

ಪುತ್ತೂರಿನಲ್ಲಿ ಉಪ್ಪನ ಜೀನಸಿನ ಅಂಗಡಿ ಇದ್ದದ್ದು ಮರದ ಲಾರಿಗಳು ನಿಲ್ಲುವ ಜಾಗದಲ್ಲಿ. ಕೂಪಿಗೆ ಹೋಗುವವರು ವಾರದ ಅಕ್ಕಿ, ಒಣಮೀನು, ಬೀಡಿ ಸಾಲ ಬರೆಸಿ ಒಯ್ಯುತ್ತಿದ್ದರು. ಸಾಲದ ಪುಸ್ತಕದಲ್ಲಿ ಕೆಲವರಿಗೆ ಹೆಸರಿರಲಿಲ್ಲ, ‘ಮಿಲಿಟರಿ ಲಾರಿ’ ಅಂತಲೇ ಇತ್ತು. ಆದ್ದರಿಂದ ಆ ಬಾಗಿಲ ಮುಂದೆ ನಾನು ಸ್ವಲ್ಪ ಹೊತ್ತು ಕುಳಿತೆ. ಮುಂದಿನ ಭಾನುವಾರ ಹೋಗುವಾಗ ಬಾಗಿಲಿಗೆ ಸ್ಯಾಂಡರ್ ಹೊಡೆದು ಆಗಿತ್ತು. ವಿಂಚು, ಕ್ರೇನು, ಪರ್ಕಿನ್ಸು ಮೂರೂ ತೂಕದ ಕಾಟಾದ ಮೇಲಿತ್ತು. ಕೊಳ್ಳಲು ಬಂದಿದ್ದ ಗುಜರಿಯವನೂ ನಮ್ಮವನೇ.

ಈ ಲಾರಿಗಳು ಏನು ಅಂತ ಚಿಕ್ಕವರಿಗೆ ಹೇಳಿಬಿಡುತ್ತೇನೆ. ಯುದ್ಧಕಾಲದಲ್ಲಿ ಕೆನಡಾದ ಫೋರ್ಡ್ ಮತ್ತು ಷೆವ್ರೊಲೆ ಕಾರ್ಖಾನೆಗಳು ಬ್ರಿಟಿಷ್ ಸಾಮ್ರಾಜ್ಯದ ಸೈನ್ಯಗಳಿಗಾಗಿ ಒಂದೇ ಮಾದರಿಯ ಲಾರಿಗಳನ್ನು ಲಕ್ಷಗಟ್ಟಲೆ ಮಾಡಿದವು. ಚಪ್ಪಟೆ ಮೂತಿ, ಬಲಗಡೆ ಸ್ಟೇರಿಂಗು, ನಾಲ್ಕು ಚಕ್ರಕ್ಕೂ ಎಳೆತ. ಬರ್ಮಾ ಯುದ್ಧಕ್ಕೆಂದು ಭಾರತಕ್ಕೂ ರಾಶಿ ಬಂದು ಬಿತ್ತು. ಯುದ್ಧ ಮುಗಿದ ಮೇಲೆ ಸರ್ಕಾರ ಡಿಸ್ಪೋಸಲ್ ಅಂತ ಮಾರಿತು. ಬೇರೆ ಲಾರಿ ಹೂತುಹೋಗುವ ಕಡೆ ಇವು ಏರುತ್ತಿದ್ದವು; ಅದಕ್ಕೇ ಘಟ್ಟದ ಕೂಪುಗಳಿಗೆ ಇವನ್ನು ಹತ್ತಿಸಿದರು. ಫೋರ್ಡಿನ ಎಂಟು ಸಿಲಿಂಡರ್ ಪೆಟ್ರೋಲ್ ಇಂಜಿನ್ನು 95 ಕುದುರೆ ಶಕ್ತಿಯದ್ದು, ಕುಡಿಯುವುದರಲ್ಲಿ ರಾಕ್ಷಸ. ಮದ್ರಾಸಿನ ಸಿಂಪ್ಸನ್ ಕಂಪನಿ ಪರ್ಕಿನ್ಸ್ ಪಿ-6 ಡೀಸೆಲ್ ಇಂಜಿನ್ನು ಮಾಡತೊಡಗಿದ ಮೇಲೆ ನಮ್ಮ ಮಿಸ್ತ್ರಿಗಳು ಅದನ್ನು ಇದರೊಳಗೆ ಕೂರಿಸಿದರು. ಬರೆಯಲು ಸುಲಭ. ಇಂಜಿನ್ ಉದ್ದ ಬೇರೆ, ಕ್ಲಚ್ ಹೌಸಿಂಗ್ ಬೇರೆ, ತೂಕ ಮುಂದಕ್ಕೆ ಬೀಳುತ್ತದೆ, ಮುಂದಿನ ಪ್ಲೇಟು ಹೆಚ್ಚಿಸಬೇಕು, ನಡುವೆ ಒಂದು ಅಡಾಪ್ಟರ್ ಪ್ಲೇಟನ್ನು ಲೇತಿನಲ್ಲಿ ಕೆತ್ತಬೇಕು, ಅದು ಕೂದಲೆಳೆಯಷ್ಟು ವಾರೆಯಾದರೂ ಬೇರಿಂಗು ಹೋಗುತ್ತದೆ. ಶಾಲೆಗೆ ಸರಿಯಾಗಿ ಹೋಗದವರು ಇದನ್ನು ಮಾಡಿದರು. ನಾನು ಮೂರು ವರ್ಷ ಡಿಪ್ಲೊಮಾ ಓದಿದವನು. ಆ ಪ್ಲೇಟನ್ನು ಬಿಚ್ಚಿ ಕೈಯಲ್ಲಿ ಹಿಡಿದಾಗ ಡ್ರಾಯಿಂಗ್ ಇಲ್ಲದೆ ಹೇಗೆ ಮಾಡಿದರು ಅಂತ ನನಗೆ ಅರ್ಥವಾಗಲಿಲ್ಲ. ಆ ಪ್ಲೇಟೂ ಕಾಟಾಕ್ಕೇ ಹೋಯಿತು.

ಲಾರಿಯ ಮಾಲೀಕರಿಗೆ ಹೇಳಿದೆ, ಇಂಜಿನ್ ತೆಗೆಯಬೇಡಿ, ವಿಂಚು ಇರಲಿ ಅಂತ. ‘ಒರಿಜಿನಲ್ ಬೇಕು’ ಅಂದರು. ಯಾವ ಒರಿಜಿನಲ್? ಸೈನ್ಯ ಅದನ್ನು ಓಡಿಸಿದ್ದು ಹೆಚ್ಚೆಂದರೆ ನಾಲ್ಕೈದು ವರ್ಷ. ಮರ ಎಳೆದದ್ದು, ಕಲ್ಲು ಎತ್ತಿದ್ದು ಅದರ ಹತ್ತು ಪಾಲು ಕಾಲ. ಎಂಬತ್ತು ವರ್ಷ ಬದುಕಿದ ಮನುಷ್ಯನ ಆತ್ಮಕತೆ ಅಂತ ಅವನ ನಾಲ್ಕನೇ ಕ್ಲಾಸಿನ ಮಾರ್ಕ್ಸ್ ಕಾರ್ಡು ತೋರಿಸಿದ ಹಾಗಾಯಿತು.

ಕಾನೂನೂ ಇಂಥವರ ಕಡೆಗೇ ವಾಲಿದೆ. 2021ರಲ್ಲಿ ಕೇಂದ್ರ ಸರ್ಕಾರ ಮೋಟಾರು ವಾಹನ ನಿಯಮಗಳಿಗೆ ವಿಂಟೇಜ್ ವಾಹನಗಳ ನೋಂದಣಿ ಸೇರಿಸಿತು. 50 ವರ್ಷ ದಾಟಿರಬೇಕು, ವಾಣಿಜ್ಯ ಬಳಕೆಯದ್ದಾಗಿರಬಾರದು, ಚಾಸಿ, ಬಾಡಿ, ಇಂಜಿನ್ನುಗಳಲ್ಲಿ ದೊಡ್ಡ ಬದಲಾವಣೆ ಆಗಿರಬಾರದು. ಹೊಸ ನೋಂದಣಿಗೆ ಶುಲ್ಕ 20,000 ರೂಪಾಯಿ. ಅಂದರೆ ಕಾರ್ ಶೆಡ್ಡಿನಲ್ಲಿ ಮಲಗಿದ್ದ ರಾಜರ ಬ್ಯೂಕ್ ಪರಂಪರೆ. ದುಡಿದು ಇಂಜಿನ್ ಬದಲಿಸಿಕೊಂಡ ಲಾರಿ ಪರಂಪರೆ ಅಲ್ಲ. ದುಡಿದದ್ದೇ ತಪ್ಪು! ತಮಾಷೆ ಏನೆಂದರೆ, 1989ರ ಅದೇ ನಿಯಮಗಳ 121ನೇ ನಿಯಮದ ಪ್ರಕಾರ ರಕ್ಷಣಾ ಇಲಾಖೆಯದ್ದಲ್ಲದ ವಾಹನಕ್ಕೆ ಆಲಿವ್ ಹಸಿರು ಬಳಿಯುವ ಹಾಗಿಲ್ಲ. ಒರಿಜಿನಲ್ ಒರಿಜಿನಲ್ ಅಂತ ಬಡಿದುಕೊಂಡು ಬಳಿದ ಆ ಬಣ್ಣದಲ್ಲಿ ಲಾರಿ ರಸ್ತೆಗಿಳಿದರೆ ತೊಂದರೆ ಮಾಲೀಕರಿಗೇ.

ಇನ್ನು ಬಿಳಿ ನಕ್ಷತ್ರದ ವಿಷಯ. ಮಂಗಳೂರಿನಲ್ಲಿ ಕುಳಿತವರಿಗೆ ಇದು ಬರೀ ಸ್ಟೈಲು. ನಾನಿರುವ ಊರಿನಲ್ಲಿ ಹಾಗಲ್ಲ. ಜಹೀರಾಬಾದ್ ಇರುವುದು ಸೊಲ್ಲಾಪುರದಿಂದ ಹೈದರಾಬಾದಿಗೆ ಹೋಗುವ ರಸ್ತೆಯಲ್ಲಿ. 1948ರ ಸೆಪ್ಟೆಂಬರ್ 13ರಂದು ಮೇಜರ್ ಜನರಲ್ ಜೆ. ಎನ್. ಚೌಧುರಿ ಅವರ ಪಡೆ ಸೊಲ್ಲಾಪುರದ ಕಡೆಯಿಂದ ನಿಜಾಮರ ಸೀಮೆಗೆ ನುಗ್ಗಿದ್ದು ಇದೇ ರಸ್ತೆಯಲ್ಲಿ. ನಳದುರ್ಗ, ಹುಮನಾಬಾದ್ ದಾಟಿ 16ರಂದು ಜಹೀರಾಬಾದ್. 17ರಂದು ನಿಜಾಮರು ಶರಣಾದರು. ಆ ಪಡೆಯ ಲಾರಿ, ಜೀಪುಗಳೆಲ್ಲ ಮಹಾಯುದ್ಧದಿಂದ ಉಳಿದವೇ. ಆಗ ಜಹೀರಾಬಾದ್, ನಾರಾಯಣಖೇಡ ಎರಡೂ ಬೀದರ್ ಜಿಲ್ಲೆಯವು, ತಾಂಡೂರು ಗುಲ್ಬರ್ಗದ್ದು. 1956ರಲ್ಲಿ ಗೆರೆ ಎಳೆದಾಗ ಇವು ಆಂಧ್ರಕ್ಕೆ ಹೋದವು. ಹಳ್ಳಿಗಳಲ್ಲಿ ಕನ್ನಡ ಇನ್ನೂ ಇದೆ.

ರಜಾಕಾರರು ಮಾಡಿದ ಅನ್ಯಾಯ ನಿಜ. ಆಮೇಲೆ ನಡೆದದ್ದೂ ನಿಜ. ನೆಹರೂ ಕಳಿಸಿದ ಪಂಡಿತ್ ಸುಂದರ್‌ಲಾಲ್ ಸಮಿತಿ ಊರೂರು ತಿರುಗಿ, ಕಡಿಮೆ ಎಂದರೂ 27,000ದಿಂದ 40,000 ಜನ ಸತ್ತರೆಂದು ಬರೆಯಿತು. ಹೆಚ್ಚು ಹಾನಿಯಾದದ್ದು ಉಸ್ಮಾನಾಬಾದ್, ಗುಲ್ಬರ್ಗ, ಬೀದರ್, ನಾಂದೇಡ್ ಜಿಲ್ಲೆಗಳಲ್ಲಿ ಅಂತ ಹೇಳಿತು. ಆ ವರದಿ ದಶಕಗಟ್ಟಲೆ ಹೊರಬರಲಿಲ್ಲ.

ಬಣ್ಣ ಮುಗಿದ ಮೇಲೆ ಲಾರಿಯನ್ನು ಓಡಿಸಿ ನೋಡಲು ನಾರಾಯಣಖೇಡದ ಕಡೆ ಒಯ್ದಿದ್ದೆವು. ರಸ್ತೆ ಪಕ್ಕ ಚಹಾ ಕುಡಿಯಲು ನಿಂತಾಗ ಹುಡುಗರೆಲ್ಲ ಸೆಲ್ಫಿಗೆ ಮುತ್ತಿದರು. ತೊಂಬತ್ತರ ಹತ್ತಿರದ ಒಬ್ಬ ಅಜ್ಜಿ ಮಾತ್ರ ಗೋಡೆ ಬದಿ ನಿಂತು ನೋಡಿ, ‘ಮತ್ಯಾಕ ತಂದೀರಪ್ಪಾ ಇದನ?’ ಅಂದರು. ಯಾವ ಜಾತಿ, ಯಾರ ಕಡೆಯ ನೆನಪು ಅಂತ ನಾನು ಕೇಳಲಿಲ್ಲ, ಕೇಳಬೇಕಾಗಿಯೂ ಇರಲಿಲ್ಲ. ನಮ್ಮ ಮಾಲೀಕರು ನಕ್ಕು, ‘ಸಿನಿಮಾ ಶೂಟಿಂಗ್’ ಅಂದುಬಿಟ್ಟರು. ಸೈನ್ಯದ ಬಗ್ಗೆ ನನಗೆ ದೂರಿಲ್ಲ. ಬಣ್ಣ ಬಳಿಯುವವನಿಗೆ ತಾನು ಯಾವ ರಸ್ತೆಯಲ್ಲಿ ನಿಂತಿದ್ದೇನೆ ಅನ್ನುವುದಾದರೂ ಗೊತ್ತಿರಬೇಕು. ಕ್ರೇನು, ವಿಂಚು ಇದ್ದಿದ್ದರೆ ಆ ಅಜ್ಜಿಗೆ ಅದು ಕಲ್ಲು ಎತ್ತುವ ಲಾರಿ ಅಷ್ಟೆ.

ನಮ್ಮೊಳಗಿನ ಇನ್ನೊಂದು ಮಾತಿಗೆ ಬರುತ್ತೇನೆ. ಒಬ್ಬರು ಮಾಮ ನನಗೆ ನೇರವಾಗಿ ಅಂದರು, ಇದೆಲ್ಲ ಇಸ್ರಾಫ್, ಹಳೆ ಕಬ್ಬಿಣಕ್ಕೆ ದುಡ್ಡು ಸುರಿಯುವುದು ದೀನಿನಲ್ಲಿ ಇಲ್ಲ ಅಂತ. ಮಾಮನ ಮಗಳ ಮದುವೆಗೆ ಎರಡು ಹಾಲ್ ಹಿಡಿದಿದ್ದರು, ಉಳಿದ ಬಿರಿಯಾನಿಯನ್ನು ಗುಂಡಿ ತೋಡಿ ಹಾಕಿದ್ದರು. ಅದರ ಬಗ್ಗೆ ನಾನೇನೂ ಹೇಳುವುದಿಲ್ಲ. ಆದರೆ ಪ್ರಶ್ನೆ ಸರಿಯಾದದ್ದೇ. ತೋಟದ ಮನೆಯ ಹುಲ್ಲಿನ ಮೇಲೆ ನಿಲ್ಲಿಸಿ ಫೋಟೊ ಹೊಡೆಯಲು ಲಕ್ಷಗಟ್ಟಲೆ ಸುರಿಯುವುದು ಇಸ್ರಾಫೇ. ಹಲವು ಕುಟುಂಬಗಳಿಗೆ ಅನ್ನ ಹಾಕಿದ ಯಂತ್ರವನ್ನು ಅದು ದುಡಿದ ರೂಪದಲ್ಲೇ, ಸ್ಟಾರ್ಟ್ ಆಗುವ ಹಾಗೆ ಇಟ್ಟುಕೊಳ್ಳುವುದು ಇಸ್ರಾಫ್ ಅಲ್ಲ. ಅದಕ್ಕೆ ಅಷ್ಟು ದುಡ್ಡೂ ಬೇಡ. ತಿಂಗಳಿಗೊಮ್ಮೆ ಇಂಜಿನ್ ಬಿಸಿಯಾಗುವವರೆಗೆ ಓಡಿಸಬೇಕು, ಟಯರು ನೆಲದಲ್ಲೇ ಕೊಳೆಯದ ಹಾಗೆ ಮರದ ಗಟ್ಟಿ ಕೊಟ್ಟು ಆಕ್ಸಲ್ ಎತ್ತಿಡಬೇಕು, ವೀಲ್ ಸಿಲಿಂಡರಿನ ರಬ್ಬರು ಬದಲಿಸಬೇಕು. ಪೆಟ್ರೋಲ್ ಇಂಜಿನ್ ಇದ್ದವರಿಗೆ ಈಗ ಇನ್ನೊಂದು ತಲೆನೋವು. ಬಂಕಿನಲ್ಲಿ ಸಿಗುವುದು 20 ಶೇಕಡ ಎಥನಾಲ್ ಬೆರೆಸಿದ್ದು. ಹಳೆ ಪಂಪಿನ ಡಯಾಫ್ರಾಮು, ರಬ್ಬರ್ ಪೈಪು ಅದಕ್ಕೆ ತಾಳುವುದಿಲ್ಲ. ಈ ಲೆಕ್ಕದಲ್ಲೂ ನಮ್ಮವರು ಕೂರಿಸಿದ ಡೀಸೆಲೇ ಮೇಲು.

ಕಬ್ಬಿಣಕ್ಕಿಂತ ಬೇಗ ಹೋಗುವುದು ಬೇರೆ ಒಂದಿದೆ. ಚಿಕ್ಕಂದಿನಲ್ಲಿ ಅಂಗಡಿ ಎದುರಿನ ಗ್ಯಾರೇಜಿನ ಮಿಸ್ತ್ರಿ ಕಾಕ ನನ್ನನ್ನು ಕರೆದು ಒಂದು ಚಕ್ರ ತೋರಿಸಿದ್ದರು. ಈ ಲಾರಿಗಳ ರಿಮ್ಮು ಎರಡು ಹೋಳು, ಬೋಲ್ಟು ಹಾಕಿ ಜೋಡಿಸಿದ್ದು. ಒಳಸುತ್ತಿನ ನಟ್ಟು ಚಕ್ರವನ್ನು ಹಬ್ಬಿಗೆ ಹಿಡಿಯುವುದು, ಹೊರಸುತ್ತಿನದ್ದು ಎರಡು ಹೋಳನ್ನು ಹಿಡಿಯುವುದು. ಗಾಳಿ ಪೂರ್ತಿ ತೆಗೆಯದೆ ಹೊರಸುತ್ತಿನದಕ್ಕೆ ಪಾನ ಹಾಕಿದರೆ ರಿಮ್ಮು ಹಾರಿ ತಲೆ ಒಡೆಯುತ್ತದೆ. ಕಾಕ ಆ ನಟ್ಟುಗಳಿಗೆ ಕೆಂಪು ಬಳಿದಿಟ್ಟಿದ್ದರು. ಜಹೀರಾಬಾದಿನ ಶೆಡ್ಡಿನಲ್ಲಿ ಹದಿನೆಂಟರ ಒಬ್ಬ ಹುಡುಗ ಸರಿಯಾಗಿ ಹೊರಸುತ್ತಿಗೇ ಪಾನ ಹಾಕಿ ಕಾಲಿನಿಂದ ಒತ್ತುತ್ತಿದ್ದ. ಟಯರಿನಲ್ಲಿ ಗಾಳಿ ಇತ್ತು. ನಾನು ಕಿರುಚಿದ್ದಕ್ಕೆ ಅವನ ಕೈಯಿಂದ ಪಾನ ಬಿತ್ತು. ಕಾಕ ತೀರಿಕೊಂಡು ವರ್ಷಗಳಾದವು. ಅವರು ಹೇಳಿದ್ದನ್ನು ಯಾರೂ ಬರೆದಿಟ್ಟಿಲ್ಲ, ನಾನೂ ಬರೆದಿರಲಿಲ್ಲ.

2007ರಲ್ಲಿ ನಮಗೊಂದು ಬ್ಯಾರಿ ಸಾಹಿತ್ಯ ಅಕಾಡೆಮಿ ಬಂತು. ಭಾಷೆ, ಹಾಡು, ಗಾದೆ, ಮದುವೆ, ಅಲಿಕತ್ತಿನ ಬಗ್ಗೆ ಓದುತ್ತೇವೆ, ಒಳ್ಳೆಯದೇ. ಪಾಂಡಿಯಲ್ಲಿ ಅರಬರ ಜೊತೆ ವ್ಯಾಪಾರ ಮಾಡಿದ ಹಿರಿಯರ ಬಗ್ಗೆ ಭಾಷಣ ಕೇಳುತ್ತೇವೆ. ಲಾರಿಯ ಅಡಿಯಲ್ಲಿ ಮಲಗಿ ಮೈಗೆಲ್ಲ ಗ್ರೀಸು ಮಾಡಿಕೊಂಡ ಹಿರಿಯರ ಸರದಿ ಯಾವಾಗ? ಗುಜರಿ ಅಂದರೆ ನಮ್ಮವರಿಗೇ ನಾಚಿಕೆ. ಹೆಣ್ಣು ನೋಡಲು ಹೋದ ಮನೆಯಲ್ಲಿ ‘ಸ್ಕ್ರ್ಯಾಪ್ ಬಿಸಿನೆಸ್’ ಅಂತ ಇಂಗ್ಲಿಷಿನಲ್ಲಿ ಹೇಳುತ್ತೇವೆ. ಆ ಲಾರಿಗಳು ಘಟ್ಟದ ಕಾಡನ್ನು ಬೋಳು ಮಾಡಿದವು ಅನ್ನುವುದನ್ನೂ ಬರೆಯಿರಿ, ಅಡ್ಡಿಯಿಲ್ಲ. 1996ರ ಡಿಸೆಂಬರಿನ ಸುಪ್ರೀಂ ಕೋರ್ಟ್ ಆದೇಶದ ನಂತರ ಎಷ್ಟೋ ಲಾರಿಗಳಿಗೆ ಕೆಲಸವೇ ಇಲ್ಲದೆ ಹೋಯಿತು, ಡ್ರೈವರುಗಳು ಸೌದಿ ವೀಸಾ ಹುಡುಕಿದರು. ಅದೂ ನಮ್ಮ ಚರಿತ್ರೆಯೇ. ಬಿಳಿ ನಕ್ಷತ್ರದ ಕೆಳಗೆ ಇದು ಯಾವುದೂ ಕಾಣುವುದಿಲ್ಲ.

ನನ್ನ ತಪ್ಪನ್ನೂ ಹೇಳಬೇಕು. ಬ್ರೇಕಿನ ಕೆಲಸಕ್ಕೆ ನಾನು ಮಜೂರಿ ತೆಗೆದುಕೊಂಡೆ. ವಿಂಚು ಕಾಟಾಕ್ಕೆ ಏರುವಾಗ ಬಾಯಿ ಮುಚ್ಚಿ ನಿಂತೆ, ಕಿಲೋ ಲೆಕ್ಕದಲ್ಲಿ ನಾನೇ ಕೊಳ್ಳಬಹುದಿತ್ತು. ಎರಡು ದಿನ ಬಿಟ್ಟು ಫೋನ್ ಮಾಡಿದರೆ, ಕಟರ್ ಹಾಕಿ ಆಯಿತು ಅಂದ ಗುಜರಿಯವನು. ‘ಮೊದಲೇ ಹೇಳುವುದಲ್ಲವಾ ಭಾಯಿ?’ ಅಂತ ಅವನೇ ನನ್ನನ್ನು ಬೈದ. ಅವನು ಹೇಳಿದ್ದು ಸರಿ.

ಈಗ ತಾಂಡೂರಿನ ಒಂದು ಕಲ್ಲಿನ ಯಾರ್ಡಿನಲ್ಲಿ ಶಕ್ತಿಮಾನ್ ಒಂದಿದೆ. ಜರ್ಮನಿಯ ಮ್ಯಾನ್ ಕಂಪನಿಯ ಪರವಾನಗಿಯಲ್ಲಿ 1959ರಿಂದ ಜಬಲ್ಪುರದಲ್ಲಿ ಕಟ್ಟುತ್ತಿದ್ದ ಸೈನ್ಯದ ಲಾರಿ. ಹರಾಜಿನಲ್ಲಿ ಬಂದು ಕ್ರೇನು ಹೊತ್ತು, ಈಗ ಹೊಸ ಹೈಡ್ರಾಲಿಕ್ ಕ್ರೇನು ಬಂದ ಮೇಲೆ ಮೂಲೆಗೆ ಬಿದ್ದಿದೆ. ಹೋದ ಶುಕ್ರವಾರ ಜುಮಾ ಮುಗಿಸಿ ಹೋಗಿ ಬೇರೆ ಬ್ಯಾಟರಿ ಕೊಟ್ಟು ನೋಡಿದೆ. ಮೂರನೇ ಸಲಕ್ಕೆ ಹಿಡಿಯಿತು, ಮೊದಲು ಬಿಳಿ ಹೊಗೆ, ಆಮೇಲೆ ಸರಿಯಾಯಿತು. ವಿಂಚು ತಿರುಗುತ್ತದೆ. ಯಜಮಾನರು ಕಿಲೋ ರೇಟು ಕೇಳುತ್ತಿದ್ದಾರೆ, ಎರಡು ತಿಂಗಳು ಕಾಯುತ್ತೇನೆ ಅಂದಿದ್ದಾರೆ. ದುಡ್ಡು ನಾನು ಹೊಂದಿಸುತ್ತೇನೆ, ಹಸಿರು ಬಳಿಯುವುದಿಲ್ಲ, ಕ್ರೇನು ಬಿಚ್ಚುವುದಿಲ್ಲ. ಬೇಕಾದದ್ದು ಜಾಗ. ಪುತ್ತೂರು, ಉಪ್ಪಿನಂಗಡಿ, ಸುಳ್ಯದ ಕಡೆ ಹಳೆ ಮಿಲ್ಲೋ ಗೋದಾಮೋ ಇದ್ದವರು ಇದರ ಕೆಳಗೆ ಬರೆಯಿರಿ. ಮಾಡು ಸೋರಬಾರದು, ಬಾಗಿಲು ಲಾರಿ ಒಳಗೆ ಹೋಗುವಷ್ಟು ಎತ್ತರ ಇರಬೇಕು, ನೆಲ ಮಣ್ಣಿನದ್ದಾದರೂ ನಡೆಯುತ್ತದೆ.