ಹಗೆಗಳ ಪರವಾಗಿ ನಿಂತ ದೇಶಭಕ್ತ

ತನ್ನ ಊರವರ ಮೇಲೆಯೇ ಗುಂಡು ಹಾರಿಸಿದ ಸೈನಿಕರ ವಕಾಲತ್ತನ್ನು ದೇಶಭಕ್ತನಾದವನು ವಹಿಸಿಕೊಳ್ಳಬಹುದೇ? ಹತ್ತು ಜನ ಕೂಡಿದ ಕಟ್ಟೆಯ ಮೇಲೆ ಈ ಪ್ರಶ್ನೆಯನ್ನು ಕೇಳಿದರೆ ಒಂಬತ್ತು ಜನರು ಕೂಡದೆಂದೇ ಹೇಳಿಯಾರು. ಅಮೇರಿಕೆಯ ಜಾನ್ ಆಡಮ್ಸನು ತನ್ನ ನಡತೆಯಿಂದ ಬೇರೊಂದು ಉತ್ತರವನ್ನು ಕೊಟ್ಟನು. ಆ ಉತ್ತರವೇ ಸರಿಯಾದುದೆಂದು ನಮ್ಮ ಮತ.

ಆಡಮ್ಸನು 1735ರಲ್ಲಿ ಮ್ಯಾಸಚೂಸೆಟ್ಸ್ ವಸಾಹತಿನ ಬ್ರೇಂಟ್ರಿ ಎಂಬ ಊರಿನ ಒಕ್ಕಲುತನದ ಮನೆಯಲ್ಲಿ ಹುಟ್ಟಿದನು. ಹಾರ್ವರ್ಡ್ ಕಾಲೇಜಿನಲ್ಲಿ ಓದು ಮುಗಿಸಿ 1755ರಲ್ಲಿ ವುಸ್ಟರ್ ಎಂಬಲ್ಲಿ ಶಾಲಾ ಉಪಾಧ್ಯಾಯನಾದನು. ಮಕ್ಕಳಿಗೆ ಪಾಠ ಹೇಳುತ್ತಲೇ ಒಬ್ಬ ವಕೀಲನ ಬಳಿ ಕಾಯದೆಯನ್ನು ಕಲಿತು 1758ರಲ್ಲಿ ವಕೀಲಿಯನ್ನು ಹಿಡಿದನು. 1765ರಲ್ಲಿ ಬ್ರಿಟಿಶ್ ಪಾರ್ಲಿಮೆಂಟು ಸ್ಟಾಂಪಿನ ಕಾಯದೆಯನ್ನು ಹೇರಿದಾಗ ಅದನ್ನು ಖಂಡಿಸಿ ತನ್ನ ಊರವರ ಪರವಾಗಿ ಪತ್ರವನ್ನು ಬರೆದುಕೊಟ್ಟವನು ಈತನೇ. ತಮ್ಮ ಪ್ರತಿನಿಧಿಗಳಿಲ್ಲದ ಸಭೆಯು ತಮ್ಮ ಮೇಲೆ ಕರ ಹಾಕಲಾಗದು. ಜೂರಿಯಿಲ್ಲದ ಕೋರ್ಟಿನಲ್ಲಿ ತಮ್ಮ ವಿಚಾರಣೆ ನಡೆಯಲಾಗದು. ಇವು ಆ ಪತ್ರದ ಮುಖ್ಯ ಅಂಶಗಳು. ಈ ಎರಡನೆಯ ಅಂಶವನ್ನು ವಾಚಕರು ನೆನಪಿನಲ್ಲಿಡಬೇಕು.

1768ರಿಂದ ಬೋಸ್ಟನ್ ಪಟ್ಟಣದಲ್ಲಿ ಬ್ರಿಟಿಶ್ ದಂಡು ಬಿಡಾರ ಹೂಡಿತ್ತು. 1770ನೆಯ ಇಸವಿಯ ಮಾರ್ಚ್ 5ರ ರಾತ್ರಿ ಜನರ ಗುಂಪೊಂದು ಕಾವಲಿನವರನ್ನು ಮುತ್ತಿ ಹಿಮದ ಉಂಡೆಗಳನ್ನೂ ಮಂಜುಗಡ್ಡೆಯ ಚೂರುಗಳನ್ನೂ ಎಸೆಯಿತು, ಸೈನಿಕರು ಗುಂಡು ಹಾರಿಸಿದರು, ಐವರು ಸತ್ತರು. ಕ್ಯಾಪ್ಟನ್ ಪ್ರೆಸ್ಟನ್ನನ ಮೇಲೆಯೂ ಎಂಟು ಸೈನಿಕರ ಮೇಲೆಯೂ ಕೊಲೆಯ ಆರೋಪ ಬಂದಿತು. ಊರೆಲ್ಲ ಕೋಪದಿಂದ ಕುದಿಯುತ್ತಿರಲು ಅವರ ಪರವಾಗಿ ನಿಲ್ಲಲು ವಕೀಲರು ಹಿಂಜರಿದರು. ಆಗ ಮೂವತ್ತನಾಲ್ಕು ವರುಷದ ಆಡಮ್ಸನು ಆ ಕೆಲಸಕ್ಕೆ ಒಪ್ಪಿದನು. ಚಳುವಳಿಯ ಮುಂದಾಳಾದ ಸ್ಯಾಮ್ಯುಯೆಲ್ ಆಡಮ್ಸನು ಈತನ ದಾಯಾದಿ ಎಂಬುದನ್ನು ನೆನೆದರೆ ಆ ಒಪ್ಪಿಗೆಯ ಭಾರವು ತಿಳಿದೀತು.

ಅಕ್ಟೋಬರಿನಲ್ಲಿ ಕ್ಯಾಪ್ಟನ್ನನು ನಿರ್ದೋಷಿಯೆಂದು ತೀರ್ಪಾಯಿತು. ಡಿಸೆಂಬರ್ 5ರಂದು ಸೈನಿಕರಲ್ಲಿ ಆರು ಜನರು ಬಿಡುಗಡೆ ಹೊಂದಿದರು. ಇಬ್ಬರಿಗೆ ಕೊಲೆಗಿಂತ ಕಡಮೆಯಾದ ಅಪರಾಧವು ಹತ್ತಿ, ಹೆಬ್ಬೆರಳಿಗೆ ಬರೆಯ ಶಿಕ್ಷೆಯಾಯಿತು. ಯಾರಿಗೂ ಗಲ್ಲು ಆಗಲಿಲ್ಲ.

ಇದರಿಂದ ಚಳುವಳಿಯ ಕೈ ಸಡಿಲಾಗಲಿಲ್ಲವೇ ಎಂದು ಕೆಲವರು ಕೇಳಬಹುದು. ಅಂಥವರಿಗೆ ನಾವು ಹೇಳುವುದಿಷ್ಟೇ. ಜೂರಿಯ ಮುಂದೆ ನ್ಯಾಯವಾದ ವಿಚಾರಣೆಯಾಗಬೇಕೆಂದು 1765ರಲ್ಲಿ ತಮಗಾಗಿ ಕೇಳಿದವರು 1770ರಲ್ಲಿ ತಮ್ಮ ಹಗೆಗಳಿಗೆ ಅದನ್ನು ಹೇಗೆ ನಿರಾಕರಿಸಬಲ್ಲರು? ತನಗೊಂದು ನ್ಯಾಯ, ಎದುರಾಳಿಗೊಂದು ನ್ಯಾಯವೆಂದರೆ ಅದು ಹಕ್ಕಲ್ಲ, ಬರಿಯ ಬಲ. ಬೋಸ್ಟನ್ನಿನ ಜನರೂ ಇದನ್ನು ಅರಿಯದೆ ಹೋಗಲಿಲ್ಲ. ವಕಾಲತ್ತು ಕೈಯಲ್ಲಿದ್ದಾಗಲೇ, ಆ ವರುಷದ ಜೂನಿನಲ್ಲಿ, ಅವರು ಆಡಮ್ಸನನ್ನು ತಮ್ಮ ಶಾಸನಸಭೆಗೆ ಆರಿಸಿ ಕಳಿಸಿದರು. ಆಳುವವರನ್ನು ಎದುರಿಸುವ ಧೈರ್ಯವು ದೊಡ್ಡದು, ನಿಜ; ತನ್ನವರ ಕೋಪವನ್ನು ಎದುರಿಸುವ ಧೈರ್ಯವು ಅದಕ್ಕಿಂತಲೂ ವಿರಳವಾದುದು.

1776ರಲ್ಲಿ ಕಾಂಗ್ರೆಸ್ಸಿನಲ್ಲಿ ಸ್ವಾತಂತ್ರ್ಯದ ನಿರ್ಣಯಕ್ಕಾಗಿ ಎಲ್ಲರಿಗಿಂತ ಗಟ್ಟಿಯಾಗಿ ವಾದಿಸಿದವರಲ್ಲಿ ಆಡಮ್ಸನೊಬ್ಬನು. 1783ರಲ್ಲಿ ಬ್ರಿಟನ್ನಿನೊಡನೆ ಒಪ್ಪಂದಕ್ಕೆ ಸಹಿ ಹಾಕಿದವರಲ್ಲಿಯೂ ಒಬ್ಬನು. ಆದರೆ ಆ ವಕಾಲತ್ತಿನ ನಿಜವಾದ ಫಲವನ್ನು ನಾವು ಕಾಣುವುದು ಮ್ಯಾಸಚೂಸೆಟ್ಸಿನ 1780ರ ರಾಜ್ಯಘಟನೆಯಲ್ಲಿ. ಅದರ ಕರಡನ್ನು ಮುಖ್ಯವಾಗಿ ಈತನೇ ಬರೆದನು. ಆಳತಕ್ಕದ್ದು ಕಾಯದೆಯೇ ಹೊರತು ವ್ಯಕ್ತಿಗಳಲ್ಲವೆಂಬ ತತ್ವವನ್ನು ಅದರಲ್ಲಿ ಬಾಯಿಬಿಟ್ಟು ಹೇಳಿದೆ. ವಿದ್ಯೆಯನ್ನೂ ಶಾಲೆಗಳನ್ನೂ ಪೋಷಿಸುವುದು ಸರಕಾರದ ಕರ್ತವ್ಯವೆಂದು ವಿಧಿಸಿದೆ. 1783ರಲ್ಲಿ ಅಲ್ಲಿಯ ಮುಖ್ಯ ನ್ಯಾಯಾಧೀಶನು ಗುಲಾಮಗಿರಿಯು ಈ ಘಟನೆಗೆ ಒಪ್ಪುವುದಿಲ್ಲವೆಂದು ಜೂರಿಗೆ ತಿಳಿಸಿದನು. ತಿದ್ದುಪಡಿಗಳೊಡನೆ ಆ ಘಟನೆಯು ಇಂದಿಗೂ ನಡೆಯುತ್ತಲಿದೆ.

ಆತನ ತಪ್ಪನ್ನು, ಪತ್ರಿಕಾಕಾರರಾದ ನಾವು, ಮುಚ್ಚಿಡಲಾರೆವು. 1797ರಲ್ಲಿ ಅಧ್ಯಕ್ಷನಾದ ಆಡಮ್ಸನು ಮರುವರುಷವೇ ರಾಜದ್ರೋಹದ ಕಾಯದೆಗೆ ಸಹಿ ಹಾಕಿದನು. ಸರಕಾರವನ್ನು ಟೀಕಿಸಿದ ಪತ್ರಿಕೆಗಳವರು ಅದರ ಮೂಲಕ ಸೆರೆಮನೆ ಕಂಡರು. ಹಗೆಯ ಸೈನಿಕನಿಗೆ ದೊರಕಿಸಿಕೊಟ್ಟ ನ್ಯಾಯವನ್ನು ಸ್ವದೇಶದ ಲೇಖಕನಿಗೆ ಕೊಡದೆ ಹೋದುದು ಆತನ ಚರಿತ್ರೆಗೆ ತಗಲಿದ ಕಲಂಕವೇ ಸರಿ. 1770ರ ಆಡಮ್ಸನೇ 1798ರ ಆಡಮ್ಸನ ಮೇಲೆ ಸಾಕ್ಷಿ ಹೇಳುತ್ತಾನೆ. ಚುನಾವಣೆಯಲ್ಲಿ ಸೋತು 1801ರಲ್ಲಿ ಅಧಿಕಾರವನ್ನು ಎದುರಾಳಿಯಾದ ಜೆಫರ್ಸನ್ನನಿಗೆ ಶಾಂತವಾಗಿ ಬಿಟ್ಟುಕೊಟ್ಟುದು ಮಾತ್ರ ಆತನ ಹಳೆಯ ನಿಷ್ಠೆಗೆ ತಕ್ಕುದಾಗಿತ್ತು. ಸ್ವಾತಂತ್ರ್ಯಘೋಷಣೆಯ ಐವತ್ತನೆಯ ವರ್ಷದಿನವಾದ 1826ರ ಜುಲೈ 4ರಂದು ಅವರಿಬ್ಬರೂ ತೀರಿಕೊಂಡರು.

ನಮ್ಮ ವಾಚಕರಲ್ಲಿ ವಕೀಲರುಂಟು, ಉಪಾಧ್ಯಾಯರುಂಟು. ಆಡಮ್ಸನು ಎರಡೂ ಆಗಿದ್ದವನು. ಅಮೇರಿಕೆಯ ಇತಿಹಾಸವನ್ನು ಕಲಿಸುವಾಗ ಮಕ್ಕಳಿಂದ ಜುಲೈ 4ನ್ನು ಬಾಯಿಪಾಠ ಮಾಡಿಸಿದರಷ್ಟೇ ಸಾಲದು. 1770ರ ಡಿಸೆಂಬರ್ 5ನ್ನೂ ಹೇಳಿಕೊಡಬೇಕು. ಮೊದಲನೆಯ ದಿನ ಒಂದು ಜನಾಂಗವು ಸ್ವಾತಂತ್ರ್ಯವನ್ನು ಸಾರಿತು. ಎರಡನೆಯ ದಿನ ಅದಕ್ಕೆ ತಾನು ಯೋಗ್ಯವೆಂದು ತೋರಿಸಿಕೊಟ್ಟಿತ್ತು.