ಮೊದಲು ಗಿಡವಾಗಲಿ, ಬಗ್ಗಿಸೋದು ಆಮೇಲೆ

ಹಾಸ್ಟೆಲ್ ರೂಮಿನ ಮೇಜಿನ ಮೇಲೆ ಲ್ಯಾಪ್‌ಟಾಪ್, ಅರ್ಧ ಬರೆದ ಲ್ಯಾಬ್ ರೆಕಾರ್ಡ್, ಮನೆಯಿಂದ ಬಂದ ಚಟ್ನಿಪುಡಿ ಡಬ್ಬಿ ಇರೋದು ಹಳೇ ವಿಷಯ. ಈಚೆಗೆ ಇವುಗಳ ಪಕ್ಕ ಇನ್ನೊಂದು ಸಾಮಾನು ಸೇರಿದೆ: ಬೋನ್ಸಾಯ್ ಕಿಟ್. ಅದರಲ್ಲಿ ಪುಟ್ಟ ಪುಟ್ಟ ಕುಂಡಗಳು, ನೀರು ಹಾಕಿದರೆ ಉಬ್ಬುವ ಕೋಕೋಪೀಟ್ ಬಿಲ್ಲೆಗಳು, ಬೀಜದ ಪೊಟ್ಟಣಗಳು, ಒಂದು ಕತ್ತರಿ. ಡಬ್ಬದ ಮೇಲೆ ಮಾತ್ರ ದಪ್ಪ ಬೊಡ್ಡೆಯ, ನೂರು ವರ್ಷ ಕಂಡಂತಿರೋ ಮರದ ಚಿತ್ರ. ಹುಟ್ಟುಹಬ್ಬಕ್ಕೆ ಗೆಳೆಯರು ಕೊಡ್ತಾರೆ, ಫೆಸ್ಟ್‌ನಲ್ಲಿ ಬಹುಮಾನವಾಗಿ ಸಿಗುತ್ತೆ. ಬೀಜ ಮೊಳೆತ ದಿನ ಸ್ಟೇಟಸ್ ಬೀಳುತ್ತೆ. ಮೊದಲ ಇಂಟರ್ನಲ್ಸ್ ಮುಗಿಯೋ ಹೊತ್ತಿಗೆ ಸಸಿ ಸೊಣಕಲಾಗಿ ಕಿಟಕಿ ಕಡೆ ವಾಲಿರುತ್ತೆ. ಎರಡನೇ ಇಂಟರ್ನಲ್ಸ್ ಹೊತ್ತಿಗೆ ಅದೇ ಕುಂಡ ಪೆನ್ ಸ್ಟ್ಯಾಂಡ್ ಆಗಿರುತ್ತೆ.

ಇದರಲ್ಲಿ ಬೇಜಾರಿನ ಸಂಗತಿ ಸಸಿ ಸತ್ತದ್ದಷ್ಟೇ ಅಲ್ಲ. ಸಾಕಿದವರು "ನನ್ನ ಕೈಗುಣವೇ ಸರಿ ಇಲ್ಲ" ಅಂತ ತೀರ್ಮಾನಿಸಿಬಿಡ್ತಾರೆ. ಮುಂದೆ ಒಂದು ತುಳಸಿ ಗಿಡ ನೆಡೋಕೂ ಹಿಂಜರಿಯುತ್ತಾರೆ. ಈ ತೀರ್ಮಾನ ತಪ್ಪು ಅನ್ನೋದು ನಮ್ಮ ವಾದ. ರೂಮಿನೊಳಗಿನ ಸಸಿಗಳು ಬಹುಪಾಲು ಪ್ರೀತಿ ಕಡಿಮೆಯಾಗಿ ಸಾಯೋದಿಲ್ಲ. ಬೆಳಕು ಕಡಿಮೆಯಾಗಿ, ನೀರು ಜಾಸ್ತಿಯಾಗಿ, ಕತ್ತರಿ ಬೇಗ ಬಂದು ಸಾಯ್ತವೆ. ಈ ಮೂರಕ್ಕೂ ಕೈಗುಣಕ್ಕೂ ಸಂಬಂಧವಿಲ್ಲ. ಮೂರನ್ನೂ ಅಳೆಯಬಹುದು, ಸರಿ ಮಾಡಬಹುದು. ನಾವು ಓದ್ತಿರೋದು ಎಂಜಿನಿಯರಿಂಗ್ ತಾನೇ?

ಸಾಕ್ಷಿ ಬೇಕಾದರೆ ಯಾವುದೇ ಹಳೇ ಕಟ್ಟಡದ ಗೋಡೆ ನೋಡಿ. ನೀರಿನ ಟ್ಯಾಂಕಿನ ಬುಡದಲ್ಲೋ, ಮಳೆನೀರಿನ ಪೈಪಿನ ಸಂದಿನಲ್ಲೋ ಒಂದು ಅರಳಿ ಸಸಿ ಇರುತ್ತೆ. ಯಾರೂ ಬಿತ್ತಿದ್ದಲ್ಲ, ಹಕ್ಕಿ ಹಣ್ಣು ತಿಂದು ಹಿಕ್ಕೆ ಹಾಕಿದ್ದು. ಗೊಬ್ಬರ ಇಲ್ಲ, ಮಣ್ಣೂ ಸರಿಯಾಗಿಲ್ಲ, ಹೆಸರಿಟ್ಟು ಮಾತಾಡಿಸುವವರಿಲ್ಲ. ಆದರೂ ಎಲೆ ಮಿರಮಿರ ಮಿಂಚ್ತಾ ಇರುತ್ತೆ. ಅದಕ್ಕೆ ಸಿಕ್ಕಿರೋದು ಇಷ್ಟೇ: ಇಡೀ ಆಕಾಶದ ಬೆಳಕು, ಬಿದ್ದ ನೀರು ನಿಲ್ಲದೆ ಹರಿದುಹೋಗೋ ಜಾಗ, ಗಾಳಿ. ನಮ್ಮ ಮೇಜಿನ ಮೇಲಿನ ಸಸಿಗೆ ಈ ಮೂರು ಬಿಟ್ಟು ಉಳಿದದ್ದೆಲ್ಲ ಸಿಗ್ತಿದೆ.

ಮೊದಲು ಬೆಳಕಿನ ಲೆಕ್ಕ. ಮಧ್ಯಾಹ್ನದ ನೇರ ಬಿಸಿಲು ಸುಮಾರು 1,00,000 ಲಕ್ಸ್. ಮರದ ನೆರಳಲ್ಲಿ ನಿಂತರೂ ಸಾವಿರಾರು ಲಕ್ಸ್ ಇರುತ್ತೆ. ಟ್ಯೂಬ್‌ಲೈಟ್ ಉರಿಯೋ ರೂಮಿನ ಮಧ್ಯದಲ್ಲಿ ಇರೋದು ನೂರರಿಂದ ಮುನ್ನೂರರ ಆಸುಪಾಸು. ಅಂದರೆ ಬಿಸಿಲಿನ ಮುನ್ನೂರನೇ ಒಂದು ಭಾಗವೋ ಇನ್ನೂ ಕಡಿಮೆಯೋ. ನಮಗೆ ಅದು ಗೊತ್ತಾಗಲ್ಲ, ಯಾಕಂದ್ರೆ ಕಣ್ಣು ಬೆಳಕನ್ನ ಅಳೆಯೋದು ಹೆಚ್ಚು ಕಡಿಮೆ ಲಾಗ್ ಸ್ಕೇಲಿನಲ್ಲಿ. ರೂಮು ನಮಗೆ ಬೆಳಕಾಗೇ ಕಾಣುತ್ತೆ. ಎಲೆಗೆ ಅಂಥ ಅನುಕೂಲ ಇಲ್ಲ. ಬಿದ್ದ ಫೋಟಾನ್ ಎಷ್ಟೋ ಅಡುಗೆ ಅಷ್ಟೇ. ಫೋನಿನ ಸೆನ್ಸರ್ ಬಳಸೋ ಲಕ್ಸ್ ಮೀಟರ್ ಆ್ಯಪ್‌ಗಳಿವೆ. ಪಕ್ಕಾ ಅಳತೆ ಅಲ್ಲದಿದ್ದರೂ ಹೋಲಿಕೆಗೆ ಸಾಕು. ಮೇಜಿನ ಮೇಲೆ, ಕಿಟಕಿಯಲ್ಲಿ, ತಾರಸಿಯಲ್ಲಿ ಒಂದೊಂದು ಸಲ ಅಳೆದು ನೋಡಿ.

ಬೆಳಕು ಸಾಲದಾಗ ಸಸಿ ಮಾಡೋ ಕೆಲಸ ಬಹಳ ಜಾಣತನದ್ದು. ತಾನು ಮಣ್ಣಿನಡಿಯಲ್ಲೋ ಬೇರೆ ಗಿಡದ ನೆರಳಲ್ಲೋ ಇದ್ದೀನಿ ಅಂದುಕೊಂಡು, ಬೀಜದಲ್ಲಿದ್ದ ಬುತ್ತಿಯನ್ನೆಲ್ಲ ಉದ್ದ ಬೆಳೆಯೋಕೆ ಸುರಿಯುತ್ತೆ. ಕಾಂಡ ದಪ್ಪ ಆಗಲ್ಲ, ಎಲೆ ಹಸಿರಾಗಲ್ಲ, ಬರೀ ಉದ್ದ. ಬೆಳಕು ಒಂದೇ ಕಡೆಯಿಂದ ಬಂದರೆ ಆ ಕಡೆಗೆ ಬಾಗುತ್ತೆ. ಬೆಳಕನ್ನ ಗುರುತಿಸೋದು ಮೊಳಕೆಯ ತುದಿ, ಬಾಗೋದು ಅದರ ಕೆಳಗಿನ ಭಾಗ ಅಂತ ಚಾರ್ಲ್ಸ್ ಡಾರ್ವಿನ್ ಮತ್ತು ಮಗ ಫ್ರಾನ್ಸಿಸ್ ಹುಲ್ಲಿನ ಮೊಳಕೆಯ ತುದಿಗೆ ಟೋಪಿ ಹಾಕಿ ಪರೀಕ್ಷಿಸಿ 1880ರಲ್ಲೇ ಬರೆದರು. ಹಾಗಾಗಿ ಸಸಿ ಎರಡೇ ವಾರದಲ್ಲಿ ಸರ್ರಂತ ಉದ್ದ ಆಯ್ತು ಅಂದರೆ ಖುಷಿಪಡಬೇಡಿ. ಅದು ಬೆಳವಣಿಗೆ ಅಲ್ಲ, ಹುಡುಕಾಟ.

ಎರಡನೇದು ನೀರು. ಇಲ್ಲಿ ಕಿಟ್ಟಿನ ಅಂದವಾದ ತೆಳು ಕುಂಡವೇ ಶತ್ರು. ಪಾತ್ರೆ ತೊಳೆಯೋ ಸ್ಪಂಜನ್ನ ನೀರಲ್ಲಿ ಅದ್ದಿ ಅಂಗೈ ಮೇಲೆ ಅಡ್ಡ ಮಲಗಿಸಿ. ಒಂದಷ್ಟು ಸೋರಿ ನಿಲ್ಲುತ್ತೆ. ಈಗ ಅದನ್ನೇ ಹಿಂಡದೆ ಉದ್ದಕ್ಕೆ ನಿಲ್ಲಿಸಿ. ಮತ್ತೆ ಸೋರುತ್ತೆ. ಸ್ಪಂಜಿನ ತಳದಲ್ಲಿ ಇಂತಿಷ್ಟು ಎತ್ತರದವರೆಗೆ ನೀರನ್ನ ಕ್ಯಾಪಿಲ್ಲರಿ ಬಲ ಹಿಡಿದುಕೊಂಡಿರುತ್ತೆ. ಕುಂಡದ ಕಥೆಯೂ ಅದೇ. ಆ ಎತ್ತರ ಮಣ್ಣಿನ ಕಣದ ಗಾತ್ರದ ಮೇಲೆ ನಿಂತಿದೆ, ಕುಂಡದ ಆಳದ ಮೇಲಲ್ಲ. ಆಳದ ಕುಂಡದಲ್ಲಿ ತಳದ ಎರಡು ಬೆರಳು ಮಾತ್ರ ಕೆಸರಾದರೆ, ಅದೇ ಮಣ್ಣು ತುಂಬಿದ ಮೂರು ಬೆರಳಿನ ಕುಂಡದಲ್ಲಿ ಬಹುಪಾಲು ಕೆಸರೇ. ತಳಕ್ಕೆ ಜಲ್ಲಿ ಹಾಕಿದರೂ ಕೆಸರಿನ ಪದರ ಮಾಯವಾಗಲ್ಲ, ಜಲ್ಲಿಯ ಮೇಲಕ್ಕೆ ಹತ್ತುತ್ತೆ ಅಷ್ಟೇ. ಅದಕ್ಕೇ ಬೋನ್ಸಾಯ್ ಬಲ್ಲವರು ತೆಳು ತಟ್ಟೆಗೆ ಕಾಳು ಕಾಳಾದ ಮಿಶ್ರಣ ಬಳಸ್ತಾರೆ, ಬರೀ ಕೋಕೋಪೀಟ್ ಅಲ್ಲ.

ಕೆಸರಲ್ಲಿ ಬೇರಿಗೆ ಉಸಿರಾಡೋಕೆ ಗಾಳಿ ಇಲ್ಲ. ಮೇಲಿಂದ ಶಿಲೀಂಧ್ರ ಮತ್ತು ಶಿಲೀಂಧ್ರದಂಥ ಜೀವಿಗಳ ಕಾಟ. ನಿನ್ನೆ ನೆಟ್ಟಗಿದ್ದ ಸಸಿ ಇವತ್ತು ಬೆಳಿಗ್ಗೆ ಮಣ್ಣಿನ ಮಟ್ಟದಲ್ಲಿ ದಾರದಂತೆ ಸಣ್ಣಗಾಗಿ ಮಗುಚಿಕೊಂಡಿದ್ದರೆ ಅದು ಸಸಿ ಕೊಳೆ ರೋಗ. ಬಿದ್ದ ಸಸಿ ಏಳಲ್ಲ. ಪಕ್ಕದ ಸಸಿಗಳನ್ನ ಉಳಿಸಿಕೊಳ್ಳೋಕೆ ಬಿದ್ದದ್ದನ್ನ ಸುತ್ತಲಿನ ಮಣ್ಣಿನ ಸಮೇತ ತೆಗೆದುಹಾಕಿ, ಮೇಲ್ಮಣ್ಣು ಒಣಗೋಕೆ ಬಿಡಿ, ಗಾಳಿ ಆಡೋ ಕಡೆ ಇಡಿ. ಇನ್ನೊಂದು ತಮಾಷೆ ಅಂದರೆ, ನೀರು ಹೆಚ್ಚಾದ ಸಸಿಯೂ ನೀರು ಕಡಿಮೆಯಾದ ಸಸಿಯ ಹಾಗೇ ಬಾಡುತ್ತೆ. ಬಾಡಿದ್ದು ನೋಡಿ ಪಾಪ ಅಂತ ಇನ್ನೊಂದು ಲೋಟ ಸುರಿದರೆ ಮುಗೀತು. ದಿನಕ್ಕೆ ಇಷ್ಟು ಸಲ ಅನ್ನೋ ನಿಯಮ ಬೇಡ. ಬೆರಳನ್ನ ಮಣ್ಣಿಗೆ ಒಂದು ಗೆಣ್ಣು ಇಳಿಸಿ ನೋಡಿ, ಕುಂಡ ಎತ್ತಿ ತೂಕ ನೋಡಿ. ಹಗುರ ಆಗಿದ್ದರೆ ತಳದ ತೂತಿನಿಂದ ಹರಿಯುವಷ್ಟು ನೀರು ಕೊಡಿ. ಇಲ್ಲದಿದ್ದರೆ ಸುಮ್ಮನಿರಿ. ಕುಂಡಕ್ಕೆ ತೂತೇ ಇಲ್ಲ ಅಂದರೆ ಅದು ಕುಂಡ ಅಲ್ಲ, ಕಾಫಿ ಮಗ್.

ಮೂರನೇದು ಕತ್ತರಿ. ನಮ್ಮ ಜಗಳ ಇರೋದೇ ಇಲ್ಲಿ. ಗಿಡವಾಗಿ ಬಗ್ಗದ್ದು ಮರವಾಗಿ ಬಗ್ಗೀತೇ ಅನ್ನೋ ಗಾದೆಯನ್ನ ಬೋನ್ಸಾಯ್ ಸುದ್ದಿ ಬಂದಾಗಲೆಲ್ಲ ಯಾರಾದರೂ ಹೇಳಿಯೇ ಹೇಳ್ತಾರೆ. ತಂತಿ ಸುತ್ತೋಕೆ, ತುದಿ ಚಿವುಟೋಕೆ ಇದೇ ಲೈಸೆನ್ಸ್. ಆದರೆ ಗಾದೆ ಹೇಳ್ತಿರೋದು ಗಿಡದ ಬಗ್ಗೆ, ಮೊಳಕೆ ಬಗ್ಗೆ ಅಲ್ಲ. ಮೊಳಕೆ ಬಗ್ಗಲ್ಲ, ಮುರಿಯುತ್ತೆ.

ಸಸ್ಯಶಾಸ್ತ್ರವೂ ಗಾದೆಯ ಪರವೇ ಇದೆ. ಕಾಂಡ ದಪ್ಪ ಆಗೋದು ತೊಗಟೆಯ ಒಳಗಿರೋ ಕ್ಯಾಂಬಿಯಂ ಪದರ ವರ್ಷ ವರ್ಷ ಹೊಸ ಕಟ್ಟಿಗೆ ಕಟ್ಟೋದರಿಂದ. ಆ ಕೆಲಸಕ್ಕೆ ಕೂಲಿ ಕೊಡೋದು ಎಲೆಗಳು. ಎಲೆ ಕತ್ತರಿಸಿದರೆ ಕೂಲಿ ಕಡಿತ, ಕೆಲಸ ಬಂದ್. ಡಬ್ಬದ ಮೇಲಿನ ದಪ್ಪ ಬೊಡ್ಡೆ ಬೇಕು ಅಂದರೆ ಗಿಡವನ್ನ ಕೆಲವು ವರ್ಷ ನೆಲದಲ್ಲೋ ದೊಡ್ಡ ಕುಂಡದಲ್ಲೋ ಮನಸಾರೆ ಬೆಳೆಯೋಕೆ ಬಿಡಬೇಕು. ಆಮೇಲೆ ಕಡಿದು ಚಿಕ್ಕದು ಮಾಡಬೇಕು. ಬೋನ್ಸಾಯ್ ಅಂದರೆ ಚಿಕ್ಕದನ್ನ ಚಿಕ್ಕದಾಗೇ ಇಡೋ ಕಲೆ ಅಂತ ಬಹಳ ಜನ ತಿಳಿದಿದ್ದಾರೆ. ಅದು ಬಹುಮಟ್ಟಿಗೆ ದೊಡ್ಡದನ್ನ ಚಿಕ್ಕದು ಮಾಡೋ ಕಲೆ. ಕಿಟ್ಟಿನೊಳಗೆ ಮೊದಲ ದಿನವೇ ಕತ್ತರಿ ಇಡೋದು, ಫಸ್ಟ್ ಸೆಮ್ ಹುಡುಗನ ಕೈಗೆ ನಿವೃತ್ತಿ ಪತ್ರ ಕೊಟ್ಟ ಹಾಗೆ.

ಬೀಜದ ಆಯ್ಕೆಯೂ ಬಹಳ ಸಲ ಎಡವಟ್ಟು. ಇಂಥ ಕಿಟ್ಟುಗಳಲ್ಲಿ ಜಪಾನಿನ ಕಪ್ಪು ಪೈನ್, ಸ್ಪ್ರೂಸ್ ಬೀಜ ಇರೋದುಂಟು. ಅವು ಚಳಿ ನಾಡಿನ ಮರಗಳು. ವರ್ಷಕ್ಕೊಮ್ಮೆ ನಿಜವಾದ ಚಳಿಗಾಲದ ವಿಶ್ರಾಂತಿ ಬೇಕು. ನಮ್ಮ ಹಾಸ್ಟೆಲ್‌ಗಳಲ್ಲಿ ಚಳಿ ಅಂದರೆ ಡಿಸೆಂಬರಿನಲ್ಲಿ ಗೀಸರ್ ಕೈಕೊಟ್ಟ ಬೆಳಗ್ಗೆ ಮಾತ್ರ. ಗುಲ್‌ಮೊಹರ್ ನಮ್ಮ ಹವೆಗೆ ಒಗ್ಗುತ್ತೆ, ಆದರೆ ಅದರ ಗರಿ ಉದ್ದ. ಕುಬ್ಜ ಮರಕ್ಕೆ ಕಷ್ಟದ ಆಯ್ಕೆ. ದುಡ್ಡು ಖರ್ಚಿಲ್ಲದ ಒಳ್ಳೇ ಆಯ್ಕೆ ಹುಣಸೆ. ಊರಿಂದ ಬಂದ ಹುಣಸೆಹಣ್ಣಿನ ಬೀಜ ಒಂದು ರಾತ್ರಿ ನೆನೆಸಿ ಬಿತ್ತಿ, ಸಾಮಾನ್ಯವಾಗಿ ಒಂದೆರಡು ವಾರಕ್ಕೆ ಮೊಳೆಯುತ್ತೆ. ಎಲೆ ಚಿಕ್ಕದು, ತೊಗಟೆ ಬೇಗ ಒರಟಾಗುತ್ತೆ, ಬಿಸಿಲು ತಡೆಯುತ್ತೆ. ಸಂಜೆ ಆದರೆ ಅದರ ಎಲೆ ಮಡಚಿಕೊಳ್ಳುತ್ತೆ. ಬಾಡಿತು ಅಂತ ಗಾಬರಿಯಾಗಿ ನೀರು ಸುರಿಯಬೇಡಿ, ಅದು ಮಲಗಿದೆ ಅಷ್ಟೇ. ಇನ್ನೊಂದು ಆಯ್ಕೆ ಆ ಗೋಡೆ ಸಂದಿನ ಅರಳಿಯೇ. ಬೇರು ಬಲಿತರೆ ಗೋಡೆ ಬಿರುಕು ಬಿಡುತ್ತೆ ಅಂತ ಸಿವಿಲ್‌ನವರಿಗೆ ಹೇಳಿಕೊಡಬೇಕಾಗಿಲ್ಲ. ಕೈಗೆ ಸುರಕ್ಷಿತವಾಗಿ ಸಿಗುವಲ್ಲಿ ಎಳೇ ಸಸಿಯನ್ನ ಹುಷಾರಾಗಿ ಬಿಡಿಸಿ ಕುಂಡಕ್ಕೆ ತಂದರೆ ಗೋಡೆಗೂ ಲಾಭ, ನಮಗೂ ಲಾಭ.

ಈಗ ನಿಮ್ಮ ರೂಮಿನಲ್ಲಿ ಸೊರಗಿದ ಸಸಿ ಇದೆ ಅಂತಿಟ್ಟುಕೊಳ್ಳಿ. ಇವತ್ತೇ ಅದನ್ನ ಮೇಜಿನಿಂದ ಎತ್ತಿ ಕಿಟಕಿಗೆ ತನ್ನಿ, ಪೂರ್ವದ ಕಿಟಕಿಯಾದರೆ ಬಹಳ ಒಳ್ಳೇದು. ಆಮೇಲೆ ವಾರ ಹತ್ತು ದಿನದಲ್ಲಿ ಹಂತ ಹಂತವಾಗಿ ಹೊರಗೆ ಒಗ್ಗಿಸಿ: ಮೊದಲು ಬೆಳಕಿರೋ ನೆರಳು, ಆಮೇಲೆ ಬೆಳಗಿನ ಎಳೆಬಿಸಿಲು ಒಂದು ಗಂಟೆ, ಎರಡು ಗಂಟೆ. ಒಮ್ಮೆಲೇ ಮಧ್ಯಾಹ್ನದ ಬಿಸಿಲಿಗೆ ಇಟ್ಟರೆ ಎಲೆ ಸುಡುತ್ತೆ. ಹೊರಗೆ ಜಾಗವೇ ಇಲ್ಲ ಅಂದರೆ ಬಿಳಿ ಎಲ್‌ಇಡಿ ಬಲ್ಬನ್ನ ಸಸಿಯಿಂದ ಒಂದು ಗೇಣು ಮೇಲೆ ಇಟ್ಟು ದಿನಕ್ಕೆ 12ರಿಂದ 14 ಗಂಟೆ ಉರಿಸಿ. ಇನ್‌ವರ್ಸ್ ಸ್ಕ್ವೇರ್ ನಿಯಮ ನೆನಪಿದೆಯಲ್ಲ, ದೂರ ಅರ್ಧ ಆದರೆ ಬೆಳಕು ಸುಮಾರು ನಾಲ್ಕು ಪಟ್ಟು. ವಾಲುವ ಕಾಂಡಕ್ಕೆ ಒಂದು ಕಡ್ಡಿ ಆಸರೆ ಕೊಡಿ. ಉದ್ದ ಆದದ್ದು ಗಿಡ್ಡ ಆಗಲ್ಲ, ಆದರೆ ಮುಂದೆ ಬರೋ ಎಲೆ ಗಟ್ಟಿಯಾಗಿ ಬರುತ್ತೆ. ಮೊದಲ ಜೋಡಿ ಬೀಜದೆಲೆ ದಾಟಿ ನಿಜವಾದ ಎಲೆಗಳು ನಾಲ್ಕೈದು ಬರೋವರೆಗೂ ಗೊಬ್ಬರ ಬೇಡ. ಆಮೇಲೆ ಕೆಮ್ಮಣ್ಣು, ಮರಳು, ಸ್ವಲ್ಪ ಎರೆಗೊಬ್ಬರ ಇರೋ ಆಳದ ಕುಂಡಕ್ಕೆ ಬೇರು ಕದಡದೆ ಬದಲಿಸಿ. ಕತ್ತರಿಯನ್ನ ಗೆಳೆಯರಿಗೆ ಕ್ರಾಫ್ಟ್ ಕೆಲಸಕ್ಕೆ ಕೊಟ್ಟುಬಿಡಿ.

ಹೊರಗೆ ಇಟ್ಟರೆ ಅದು ಬೋನ್ಸಾಯ್ ಹೇಗಾಗುತ್ತೆ ಅಂತ ಕೇಳೋರಿದ್ದಾರೆ. ಬೋನ್ಸಾಯ್ ಹೊರಗಿನದ್ದೇ. ಜಪಾನಿನಲ್ಲಿ ಅವು ಬದುಕೋದು ಅಂಗಳದಲ್ಲಿ. ಮನೆಯೊಳಗೆ ಬರೋದು ಪ್ರದರ್ಶನಕ್ಕೆ, ನೆಂಟರ ಹಾಗೆ ಒಂದೆರಡು ದಿನ. ಮೈಸೂರಿನ ಗಣಪತಿ ಸಚ್ಚಿದಾನಂದ ಆಶ್ರಮದ ಬೋನ್ಸಾಯ್ ಉದ್ಯಾನಕ್ಕೆ ಹೋದವರು ನೆನಪಿಸಿಕೊಳ್ಳಿ, ಮರಗಳೆಲ್ಲ ಬಯಲಲ್ಲೇ ಇವೆ. ವಾಷಿಂಗ್ಟನ್ನಿನ ರಾಷ್ಟ್ರೀಯ ಸಸ್ಯೋದ್ಯಾನದಲ್ಲಿ 1625ರಿಂದ ಆರೈಕೆ ಪಡೆಯುತ್ತಾ ಬಂದ ಜಪಾನಿನ ಬಿಳಿ ಪೈನ್ ಒಂದಿದೆ. 1945ರಲ್ಲಿ ಹಿರೋಶಿಮಾ ಮೇಲೆ ಬಾಂಬ್ ಬಿದ್ದಾಗ ಅದು ಅದೇ ಊರಿನ ಯಮಾಕಿ ಕುಟುಂಬದ ನರ್ಸರಿಯಲ್ಲಿ, ಗೋಡೆಯ ಮರೆಯಲ್ಲಿತ್ತು, ಉಳಿಯಿತು. 1976ರಲ್ಲಿ ಮಸಾರು ಯಮಾಕಿ ಅದನ್ನ ಅಮೆರಿಕಕ್ಕೆ ಉಡುಗೊರೆ ಕೊಟ್ಟರು. ಅದು ಬಾಂಬಿನಿಂದ ಬದುಕುಳಿದ ಮರ ಅನ್ನೋದು ಅಲ್ಲಿಯವರಿಗೆ ತಿಳಿದದ್ದು 2001ರಲ್ಲಿ, ಅವರ ಮೊಮ್ಮಕ್ಕಳು ನೋಡೋಕೆ ಬಂದಾಗ. ತಲೆಮಾರುಗಳ ಈ ಲೆಕ್ಕದ ಮುಂದೆ ನಮ್ಮ ಎಂಟು ಸೆಮಿಸ್ಟರ್ ಯಾವ ಲೆಕ್ಕ? ನಾಲ್ಕು ವರ್ಷದಲ್ಲಿ ನಾವು ಬೋನ್ಸಾಯ್ ಮಾಡಿ ಮುಗಿಸಲ್ಲ. ಒಂದು ಸಸಿಯನ್ನ ಗಟ್ಟಿ ಗಿಡ ಮಾಡಿ ಮುಂದಿನವರ ಕೈಗೆ ಕೊಡಬಹುದು. ಅದೇನೂ ಸಣ್ಣ ಕೆಲಸ ಅಲ್ಲ.

ಅದಕ್ಕೇ ನಮ್ಮ ಬೇಡಿಕೆ ಎರಡು. ಒಂದು, ಫೆಸ್ಟ್ ಸಮಿತಿಯವರಿಗೆ. ಬಹುಮಾನಕ್ಕೆ ಕಿಟ್ ಬೇಡ. ಅದೇ ದುಡ್ಡಿಗೆ ನರ್ಸರಿಯಲ್ಲಿ ಒಂದು ವರ್ಷ ದಾಟಿದ ಹುಣಸೆ ಅಥವಾ ಆಲದ ಗಿಡ ತಂದು ಕೊಡಿ. ಇನ್ನೊಂದು, ಹಾಸ್ಟೆಲ್ ಆಡಳಿತಕ್ಕೆ. ಕಾರಿಡಾರಿನ ಕಟ್ಟೆ ಮೇಲೆ ಕುಂಡ ಇಡಬೇಡಿ ಅನ್ನೋ ನಿಯಮ ನಮಗೂ ಒಪ್ಪಿಗೆ, ಮೇಲಿಂದ ಕುಂಡ ಬಿದ್ದರೆ ಕೆಳಗೆ ನಡೆಯೋ ತಲೆಗೆ ಅಪಾಯ. ಹಾಗಾದರೆ ತಾರಸಿಯಲ್ಲೋ ಹಿತ್ತಲಲ್ಲೋ ಒಂದು ಕಬ್ಬಿಣದ ಸ್ಟ್ಯಾಂಡ್ ಹಾಕಿಕೊಡಿ. ಮೆಕ್ಯಾನಿಕಲ್ ವರ್ಕ್‌ಶಾಪಿನ ವೆಲ್ಡಿಂಗ್ ಬ್ಯಾಚಿಗೆ ಅದು ಒಂದು ಮಧ್ಯಾಹ್ನದ ಕೆಲಸ. ರಜೆಯಲ್ಲಿ ನೀರು ಹಾಕೋಕೆ ಡೇ ಸ್ಕಾಲರ್ ಗೆಳೆಯರ ಸರದಿ ಪಟ್ಟಿಯನ್ನ ನಾವೇ ಮಾಡ್ತೀವಿ.

ಅಲ್ಲಿಯವರೆಗೆ, "ಕೈಗುಣ ಸರಿ ಇಲ್ಲ" ಅಂತ ಕೂತಿರೋ ಪಕ್ಕದ ರೂಮಿನವರನ್ನ ಒಮ್ಮೆ ತಾರಸಿಗೆ ಕರ್ಕೊಂಡು ಹೋಗಿ. ಟ್ಯಾಂಕಿನ ಬುಡದ ಅರಳಿ ತೋರಿಸಿ. ಅದಕ್ಕೆ ಯಾರ ಕೈಗುಣವೂ ತಾಗಿಲ್ಲ.