ಫಿಲ್ಟರ್‌ಗೆ ಮೊದಲೇ ಆಯಿಲ್ ತುಂಬಬೇಕಾ?

ಕಳೆದ ಮೇ ತಿಂಗಳ ಒಂದು ಭಾನುವಾರ. ಕಾವೂರಿನ ನಮ್ಮ ಮನೆಯಂಗಳದಲ್ಲಿ ಅಪ್ಪನ ಕಾರಿನ ಅಡಿಯಲ್ಲಿ ಮಲಗಿದ್ದೆ. ಸರ್ವಿಸ್‌ಗೆ ಕೊಟ್ಟರೆ ಇಡೀ ದಿನ ಹೋಗ್ತದೆ, ಆಯಿಲ್ ಬದಲಾಯಿಸೋದು ಎಂಥ ಮಹಾ ವಿದ್ಯೆ ಅಂತ ನನ್ನ ಧೈರ್ಯ. ಎಂಜಿನಿಯರಿಂಗ್ ಡಿಗ್ರಿ ಬೇರೆ ಉಂಟು. ಓದಿದ್ದು ಕಂಪ್ಯೂಟರ್ ಸೈನ್ಸ್ ಅನ್ನೋದು ಆ ಹೊತ್ತಿಗೆ ನೆನಪಾಗಲಿಲ್ಲ.

ಹಿಂದಿನ ರಾತ್ರಿ ಎರಡು ಗಂಟೆ ಹೊತ್ತು ಫೋನಿನಲ್ಲಿ ವಿಡಿಯೊ ನೋಡಿದ್ದೆ. ಎಲ್ಲವೂ ಒಂದೇ ಪ್ರಶ್ನೆಗೆ: ಹೊಸ ಆಯಿಲ್ ಫಿಲ್ಟರ್ ಹಾಕುವ ಮೊದಲು ಅದರೊಳಗೆ ಆಯಿಲ್ ತುಂಬಿಸಬೇಕಾ, ಖಾಲಿಯೇ ಹಾಕಬಹುದಾ?

ತುಂಬಿಸಬೇಕು ಅನ್ನುವವರ ವಾದ ಸರಳ. ಆಯಿಲ್ ಪಂಪ್ ತಳ್ಳುವ ಆಯಿಲ್ ಮೊದಲು ಫಿಲ್ಟರ್‌ಗೆ ಹೋಗಿ, ಆಮೇಲೆ ಬೇರಿಂಗ್‌ಗಳಿಗೆ ಹೋಗುತ್ತದೆ. ಫಿಲ್ಟರ್ ಖಾಲಿ ಇದ್ದರೆ ಅದು ತುಂಬುವವರೆಗೆ ಬೇರಿಂಗ್‌ಗಳಿಗೆ ಒತ್ತಡದ ಆಯಿಲ್ ಸಿಗುವುದಿಲ್ಲ. ಆ ಕೆಲವು ಸೆಕೆಂಡು ಎಂಜಿನ್ ಒಣಗಿಕೊಂಡೇ ತಿರುಗುತ್ತದೆ. ಹಾಗಾಗಿ ಮೊದಲೇ ತುಂಬಿಸಿಬಿಡಿ.

ನನಗೂ ಸರಿ ಅನ್ನಿಸಿತು. ಅಡುಗೆಮನೆಯಿಂದ ಒಂದು ಲೋಟ ತಂದು ಅಳೆದು, ಫಿಲ್ಟರಿನ ನಡುವಿನ ದೊಡ್ಡ ತೂತಿಗೆ ಆಯಿಲ್ ಹೊಯ್ದೆ. ನಮ್ಮ ಕಾರಿನಲ್ಲಿ ಫಿಲ್ಟರ್ ಕೂರುವುದು ಅಡ್ಡಕ್ಕೆ. ವಾಲಿಸಿದ ಕೂಡಲೇ ಅರ್ಧ ಆಯಿಲ್ ನನ್ನ ಮೊಣಕೈ ಮೇಲೆ, ಉಳಿದದ್ದು ಸೈಲೆನ್ಸರ್ ಪೈಪಿನ ಮೇಲೆ. ಮೇಲಿಂದ ಅಪ್ಪ, "ಎಂತದು ಹೊಗೆ?" ಅಂದರು. "ಏನಿಲ್ಲಪ್ಪಾ" ಅಂದೆ. ಗಡಿಬಿಡಿಯಲ್ಲಿ ಫಿಲ್ಟರ್ ತಿರುಗಿಸಿ ಬಿಗಿ ಮಾಡಿದೆ. ಸ್ಟಾರ್ಟ್ ಮಾಡಿದರೆ ಆಯಿಲ್ ಲೈಟ್ ತಕ್ಷಣ ಆರಿತು. ಗೆದ್ದೆ ಅಂದುಕೊಂಡೆ.

ಅರ್ಧ ಗಂಟೆ ಕಳೆದು ಅಪ್ಪನನ್ನು ಕೂರಿಸಿಕೊಂಡು ಸುರತ್ಕಲ್ ಕಡೆ ಹೊರಟೆ. ಕೂಳೂರು ಸೇತುವೆ ದಾಟಿ ಪಣಂಬೂರು ಹತ್ತಿರ ಸ್ವಲ್ಪ ವೇಗ ಕೊಟ್ಟದ್ದೇ, ಡ್ಯಾಶ್‌ಬೋರ್ಡಿನಲ್ಲಿ ಕೆಂಪು ಆಯಿಲ್ ಲೈಟ್. ಆ ಕಾರು ಅಪ್ಪ ನಿವೃತ್ತಿಯ ಹಣದಲ್ಲಿ ತೆಗೆದದ್ದು. ಕೂಡಲೇ ಬದಿಗೆ ಹಾಕಿ ಎಂಜಿನ್ ಆಫ್ ಮಾಡಿದೆ. ಇಳಿದು ನೋಡಿದರೆ ಹಿಂದೆ ರಸ್ತೆಯುದ್ದಕ್ಕೂ ಹೊಸ ಆಯಿಲಿನ ಗೆರೆ.

ಕಾರನ್ನು ಎಳೆಸಿಕೊಂಡು ಬೈಕಂಪಾಡಿಯ ಗ್ಯಾರೇಜಿಗೆ ಹೋದೆವು. ಅಲ್ಲಿನ ಮೆಕ್ಯಾನಿಕ್ ಅಣ್ಣ ಫಿಲ್ಟರ್ ಬಿಚ್ಚಿ ನನ್ನ ಕೈಗೇ ಕೊಟ್ಟರು. "ರಬ್ಬರ್ ಎರಡುಂಟಲ್ಲ ಮಾರಾಯ್ರೆ!"

ಹಳೆಯ ಫಿಲ್ಟರ್ ತೆಗೆಯುವಾಗ ಅದರ ರಬ್ಬರ್ ರಿಂಗ್ ಎಂಜಿನ್ನಿಗೇ ಅಂಟಿಕೊಂಡು ಉಳಿದಿತ್ತು. ನಾನು ನೋಡದೆ ಹೊಸ ಫಿಲ್ಟರನ್ನು ಅದರ ಮೇಲೆಯೇ ಕೂರಿಸಿದ್ದೆ. ನಿಧಾನ ಓಡುವಾಗ ಹೇಗೋ ತಡೆದಿತ್ತು. ವೇಗ ಹೆಚ್ಚಿ ಒತ್ತಡ ಏರಿದಾಗ ರಿಂಗ್ ಜಾರಿ, ಆಯಿಲ್ ಎಲ್ಲ ಹೊರಗೆ. ತಕ್ಷಣ ಆಫ್ ಮಾಡಿದ್ದಕ್ಕೆ ಎಂಜಿನ್ ಉಳಿಯಿತು. ಇನ್ನು ಸ್ವಲ್ಪ ದೂರ ಹಾಗೇ ಓಡಿಸಿದ್ದರೆ ಬೇರಿಂಗ್ ಹಿಡಿದುಬಿಡುತ್ತಿತ್ತು.

"ನಾನು ಫಿಲ್ಟರ್ ತುಂಬಿಸಿಯೇ ಹಾಕಿದ್ದೆ ಅಣ್ಣ" ಅಂದೆ. ಯಾಕೆ ಹೇಳಿದೆನೋ ಗೊತ್ತಿಲ್ಲ. ಅವರು ಕೇಳಿದ್ದು ಒಂದೇ: "ಯಾವ ತೂತಿಂದ ತುಂಬಿಸಿದ್ದು?"

ಆ ಪ್ರಶ್ನೆ ನಾನು ನೋಡಿದ ಒಂದು ವಿಡಿಯೊದಲ್ಲೂ ಇರಲಿಲ್ಲ.

ಹಳೆ ಫಿಲ್ಟರನ್ನು ಅಂಗಾತ ಇಟ್ಟು ತೋರಿಸಿದರು. ಸುತ್ತಲೂ ಇರುವ ಸಣ್ಣ ತೂತುಗಳು ಆಯಿಲ್ ಒಳಗೆ ಬರುವ ದಾರಿ. ಅಲ್ಲಿಂದ ಅದು ಕಾಗದದ ಮಡಿಕೆಗಳನ್ನು ದಾಟಿ ನಡುವಿಗೆ ಬರುತ್ತದೆ. ನಡುವಿನ ದೊಡ್ಡ ತೂತು ಸೋಸಿದ ಆಯಿಲ್ ಹೊರಗೆ ಹೋಗುವ ದಾರಿ, ಅಲ್ಲಿಂದ ನೇರ ಬೇರಿಂಗ್‌ಗೆ. ಅಂದರೆ ನಾನು ಲೋಟದಿಂದ ಹೊಯ್ದದ್ದು ಸೋಸುವ ಕಾಗದ ಮುಟ್ಟದೆ ಎಂಜಿನ್ನಿನ ಅತಿ ನಾಜೂಕಿನ ಜಾಗಕ್ಕೆ ಹೋಗುವಂಥದ್ದು. ಲೋಟದಲ್ಲಿ ಏನಿತ್ತು, ಹೆದ್ದಾರಿಯ ಕೆಂಪು ಧೂಳು ಎಷ್ಟು ಕೂತಿತ್ತು, ಯಾರಿಗೆ ಗೊತ್ತು?

ಹಾಗಾದರೆ ಖಾಲಿ ಹಾಕಿದರೆ ಎಂಜಿನ್‌ಗೆ ಪೆಟ್ಟಾಗುವುದಿಲ್ವಾ? ಸಣ್ಣ ಕಾರಿನ ಫಿಲ್ಟರಿಗೆ ಹಿಡಿಯುವುದು ಒಂದು ಚಹಾ ಲೋಟದ ಹತ್ತಿರ ಹತ್ತಿರ ಆಯಿಲ್, ಸುಮಾರು 200ರಿಂದ 300 ಮಿಲಿಲೀಟರ್. ಐಡಲ್‌ನಲ್ಲೇ ಪಂಪ್ ಅದನ್ನು ಕೆಲವೇ ಸೆಕೆಂಡಿನಲ್ಲಿ ತುಂಬಿಸುತ್ತದೆ. ಆ ಹೊತ್ತಿಗೆ ಬೇರಿಂಗ್ ಮೇಲೆ ಹಳೆ ಆಯಿಲಿನ ತೆಳು ಪದರ ಇದ್ದೇ ಇರುತ್ತದೆ, ಐಡಲ್‌ನಲ್ಲಿ ಎಂಜಿನ್ ಮೇಲೆ ಭಾರವೂ ಇಲ್ಲ. ಅದಲ್ಲದೆ ನಮ್ಮ ಮಂಗಳೂರಿನ ಸೆಕೆಗೆ ಆಯಿಲ್ ಬೇಗ ಹರಿಯುತ್ತದೆ. ಲಡಾಖಿನ ಚಳಿಯ ಚಿಂತೆ ನಮಗೆ ಬೇಡ.

ಆದರೆ ಅಣ್ಣ "ತುಂಬಿಸಲೇಬಾರದು" ಅನ್ನಲಿಲ್ಲ. ಅವರು ಮೊದಲು ಕೆಲಸ ಮಾಡುತ್ತಿದ್ದದ್ದು ಹಳೆ ಬಂದರಿನ ದಕ್ಕೆಯಲ್ಲಿ, ಬೋಟ್ ಎಂಜಿನ್‌ಗಳ ಮೇಲೆ. ಜೂನ್ 1ರಿಂದ ಜುಲೈ 31ರವರೆಗೆ, 61 ದಿನ, ಯಾಂತ್ರಿಕ ಮೀನುಗಾರಿಕೆಗೆ ನಿಷೇಧ ಅಲ್ವಾ? ಬೋಟ್‌ಗಳ ರಿಪೇರಿಯೆಲ್ಲ ಆಗಲೇ. ಎರಡು ತಿಂಗಳು ನಿಂತ ಎಂಜಿನ್‌ನಲ್ಲಿ ಬೇರಿಂಗ್ ಮೇಲಿನ ಆಯಿಲ್ ಬಹುಪಾಲು ಇಳಿದು ಕೆಳಗೆ ಸೇರಿರುತ್ತದೆ. ಫಿಲ್ಟರ್‌ಗಳು ದೊಡ್ಡವು, ತುಂಬಲು ಹೊತ್ತು ಬೇಕು. ಅಂಥಲ್ಲಿ ಫಿಲ್ಟರ್ ಬಾಯಿ ಮೇಲಾಗಿ ಕೂರುವುದಾದರೆ, ಆಗಷ್ಟೇ ಸೀಲ್ ಒಡೆದ ಕ್ಯಾನಿನಿಂದ, ಬದಿಯ ಸಣ್ಣ ತೂತುಗಳಿಗೆ ನಿಧಾನ ಹೊಯ್ಯುತ್ತಿದ್ದರಂತೆ. ಕಾಗದ ಹೀರಿಕೊಳ್ಳುವವರೆಗೆ ಕಾದು ಮತ್ತೆ ಸ್ವಲ್ಪ. ಆಮೇಲೆ ಡೀಸೆಲ್ ಬಂದ್ ಮಾಡುವ ಲಿವರ್ ಎಳೆದು ಹಿಡಿದು, ಎಂಜಿನ್ ಹೊತ್ತಿಕೊಳ್ಳದ ಹಾಗೆ ಸ್ಟಾರ್ಟರ್‌ನಲ್ಲೇ ತಿರುಗಿಸಿ, ಆಯಿಲ್ ಒತ್ತಡ ಬಂದ ಮೇಲೆಯೇ ಸ್ಟಾರ್ಟ್.

ಎಂಜಿನ್ ಮಾಡುವವರಲ್ಲೂ ಈ ವಿಷಯದಲ್ಲಿ ಒಂದೇ ಮಾತಿಲ್ಲ. ಕ್ಯಾಟರ್‌ಪಿಲ್ಲರ್ ಮ್ಯಾನುವಲ್‌ಗಳು ಫಿಲ್ಟರ್ ತುಂಬಿಸಬೇಡಿ, ಆ ಆಯಿಲ್ ಸೋಸಿದ್ದಲ್ಲ ಅನ್ನುತ್ತವೆ. ಕಮ್ಮಿನ್ಸ್‌ನ ಹಲವು ಎಂಜಿನ್‌ಗಳ ಮ್ಯಾನುವಲ್‌ಗಳು ಶುದ್ಧ ಆಯಿಲ್ ತುಂಬಿಸಿಯೇ ಹಾಕಿ ಅನ್ನುತ್ತವೆ. ಒಬ್ಬರಿಗೆ ಕಸದ ಭಯ, ಇನ್ನೊಬ್ಬರಿಗೆ ಒಣ ಸ್ಟಾರ್ಟಿನ ಭಯ. ಎರಡೂ ನಿಜವಾದ ಭಯಗಳೇ. ನಮ್ಮ ಎಂಜಿನ್‌ಗೆ ಯಾವುದು ದೊಡ್ಡದು ಅನ್ನುವುದು ಅದರ ಮ್ಯಾನುವಲ್‌ನಲ್ಲಿ ಇರುತ್ತದೆ. ನಾನು ಎರಡು ಗಂಟೆ ವಿಡಿಯೊ ನೋಡಿದೆ, ಗ್ಲವ್ ಬಾಕ್ಸ್‌ನಲ್ಲಿದ್ದ ಪುಸ್ತಕ ತೆರೆಯಲಿಲ್ಲ.

ಮನೆಯಲ್ಲೇ ಆಯಿಲ್ ಬದಲಾಯಿಸುವವರಿಗೆ ಅಣ್ಣನಿಂದ ನಾನು ಕಲಿತದ್ದು ಇಷ್ಟು:

ಹಳೆ ಫಿಲ್ಟರ್ ತೆಗೆದ ಕೂಡಲೇ ಅದರ ರಬ್ಬರ್ ರಿಂಗ್ ಜೊತೆಯಲ್ಲೇ ಬಂತಾ ನೋಡಿ. ಬರದಿದ್ದರೆ ಎಂಜಿನ್ ಬದಿಯಲ್ಲಿ ಬೆರಳಾಡಿಸಿ ತೆಗೆಯಿರಿ, ಆ ಜಾಗ ಒರೆಸಿ.

ಹೊಸ ರಿಂಗಿಗೆ ಬೆರಳಿನಿಂದ ಸ್ವಲ್ಪ ಆಯಿಲ್ ಸವರಿ. ಕೈಯಲ್ಲೇ ತಿರುಗಿಸಿ, ತಾಗಿದ ಮೇಲೆ ಎಷ್ಟು ಸುತ್ತು ಅನ್ನುವುದನ್ನು ಫಿಲ್ಟರ್ ಮೇಲೆಯೇ ಬರೆದಿರುತ್ತಾರೆ. ಹೆಚ್ಚಾಗಿ ಮುಕ್ಕಾಲು ಸುತ್ತಿನ ಆಸುಪಾಸು.

ಅಡ್ಡ ಅಥವಾ ಬಾಯಿ ಕೆಳಗಾಗಿ ಕೂರುವ ಫಿಲ್ಟರ್ ತುಂಬಿಸಲು ಹೋಗಬೇಡಿ, ಚೆಲ್ಲುವುದೇ. ನೆಟ್ಟಗೆ ಕೂರುವುದಾಗಿ, ಮ್ಯಾನುವಲ್ ತುಂಬಿಸಿ ಅಂದರೆ ಮಾತ್ರ ತುಂಬಿಸಿ. ಆಗಲೂ ಬದಿಯ ತೂತಿನಿಂದ, ನಡುವಿನದನ್ನು ಮುಚ್ಚಿಟ್ಟುಕೊಂಡು.

ಸ್ಟಾರ್ಟ್ ಆದ ಮೇಲೆ ಆಕ್ಸಿಲರೇಟರ್ ಮುಟ್ಟಬೇಡಿ, ಟರ್ಬೊ ಕಾರಾದರೆ ಇನ್ನೂ ಜಾಗ್ರತೆ. ಲೈಟ್ ಕೆಲವು ಸೆಕೆಂಡಿನಲ್ಲಿ ಆರದಿದ್ದರೆ ಆಫ್ ಮಾಡಿ. ಆರಿದರೂ ಒಂದೆರಡು ನಿಮಿಷ ಓಡಿಸಿ, ನಿಲ್ಲಿಸಿ, ಕೆಳಗೆ ಬಗ್ಗಿ ನೋಡಿ. ಫಿಲ್ಟರ್ ಆಯಿಲ್ ಕುಡಿದಿರುತ್ತದೆ, ಹಾಗಾಗಿ ಡಿಪ್‌ಸ್ಟಿಕ್ ಮತ್ತೊಮ್ಮೆ ನೋಡಿ ಕಡಿಮೆಯಾದಷ್ಟು ಹಾಕಿ.

ಇನ್ನೊಂದು ವಿಷಯ. ಇದನ್ನೆಲ್ಲ ಈಗಿನ ಡೀಸೆಲ್ ಕಾರುಗಳ ಡೀಸೆಲ್ ಫಿಲ್ಟರಿಗೆ ಅನ್ವಯಿಸಬೇಡಿ. ಅಲ್ಲಿನ ಇಂಜೆಕ್ಟರ್‌ಗಳ ತೂತು ಕೂದಲಿಗಿಂತ ಬಹಳ ದಪ್ಪವೇನಿಲ್ಲ, ಸೋಸದ ಡೀಸೆಲ್ ಹೊಯ್ದರೆ ಖರ್ಚು ದೊಡ್ಡದು. ಅದಕ್ಕೆ ಪಂಪ್ ಮಾಡಿ ತುಂಬಿಸುವ ಬೇರೆ ಕ್ರಮ ಉಂಟು.

ಅವತ್ತು ಹೊಸ ಫಿಲ್ಟರ್, ಹೊಸ ಆಯಿಲ್, ಎಳೆದು ತಂದ ಬಾಡಿಗೆ ಎಲ್ಲ ಸೇರಿ ಸರ್ವಿಸ್‌ಗಿಂತ ಹೆಚ್ಚೇ ಆಯಿತು. ಅಣ್ಣ ಫಿಲ್ಟರನ್ನು ಖಾಲಿಯೇ ಹಾಕಿದರು. ಮೂರು ಸೆಕೆಂಡಿನೊಳಗೆ ಲೈಟ್ ಆರಿತು. ಅಪ್ಪ ಇಡೀ ದಾರಿ ಒಂದು ಮಾತೂ ಬೈಯಲಿಲ್ಲ. ಮನೆ ಗೇಟಿನ ಹತ್ತಿರ ಮಾತ್ರ ಕೇಳಿದರು:

"ಮುಂದಿನ ಸಲವೂ ನೀನೇ ಮಾಡುವುದಾ?"

"ಹೌದಪ್ಪಾ."

"ಆಯ್ತು. ರಬ್ಬರ್ ನಾನು ನೋಡ್ತೇನೆ."